ಮೂರು ಬಾಗಿಲಿನ ಸಾಹೇಬರು

ಬನ್ನಿ, ಆ ಟೀವಿ ಆರಿಸಿ, ಕಾಲು ಮಡಚಿ ಆರಾಮಾಗಿ ಕೂತ್ಕೊಳ್ಳಿ. ಬಟ್ಟಲಲ್ಲಿ ಖಾರದ ಕಡಲೆ ಇದೆ, ತಿಂತಾ ಕೇಳಿ. ನಡುವೆ ಮಾತ್ರ ನನ್ನ ಬಾಯಿ ಮುಚ್ಚಿಸೋಕೆ ಬರಬೇಡಿ. ಹಾಗೆ ಮುಚ್ಚಿಸಿದವರೊಬ್ಬರ ಗತಿ ಏನಾಯಿತು ಅಂತಾನೇ ಹೇಳೋಕೆ ಹೊರಟಿದ್ದೀನಿ.

ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಮೈಸೂರಿನಲ್ಲಿ ಹುಟ್ಟಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಗಳ ಮನೆ ಅಡುಗೆಮನೆ ಆಳ್ತಿರೋಳು. ಮಗಳಿಗೆ ಅಲ್ಲೊಂದು ತರಬೇತಿ ಸಂಸ್ಥೆಯಲ್ಲಿ ಕೆಲಸ. ನಾಲ್ಕಾರು ದೇಶದವರು ಸೇರಿ ದುಡ್ಡು ಹಾಕಿ, ಅರಬ್ ದೇಶಗಳ ಸರ್ಕಾರಿ ಅಧಿಕಾರಿಗಳನ್ನ ಕರೆಸಿ, ಜನರನ್ನ ಅಲೆದಾಡಿಸದ ಹಾಗೆ ಕಚೇರಿ ನಡೆಸೋದು ಹೇಗೆ ಅಂತ ಕೂತು ಮಾತಾಡೋ ಜಾಗ ಅದು. ಇಂಥ ಕಡೆ ನಗೋ ಸಂಗತಿ ನಡೀದೆ ಇರುತ್ತಾ? ನಡೀತಾನೇ ಇರ್ತಿತ್ತು. ಎರಡು ಸಾವಿರದ ಆರರ ಬೇಸಿಗೆಯಲ್ಲಿ ಬಂದ ಒಂದು ತಂಡದ್ದಷ್ಟೇ ಹೇಳ್ತೀನಿ.

ನಾನು ದುಭಾಷಿ ಆಗಿದ್ದು

ನಾನು ದಿನಾ ಖುರಾನ್ ಓದ್ತೀನಿ. ಅರಬ್ಬಿ ಓದೋಕೆ ಬರುತ್ತೆ, ಮಾತಾಡೋಕೆ ಬರಲ್ಲ. ಇದು ಮಗಳ ಆಫೀಸಿನವರಿಗೆ ಹೇಗೆ ಗೊತ್ತಾಗಬೇಕು? ದುಭಾಷಿಗೆ ಜ್ವರ ಬಂದ ದಿನ, "ನಿಮ್ಮಮ್ಮ ಇದ್ದಾರಲ್ಲ!" ಅಂದರಂತೆ. "ಅಮ್ಮಿ, ಸಲಾಂ ಹೇಳಿ ವ್ಯಾನ್ ಹತ್ತಿಸಿದರೆ ಸಾಕು," ಅಂತ ಮಗಳು ನನ್ನ ಲಾಸ್ ಏಂಜಲಿಸ್ ಏರ್‌ಪೋರ್ಟಿಗೆ ಕರ್ಕೊಂಡು ಹೋದಳು.

ಐದು ಜನ ಗಂಡಸರು, ಒಬ್ಬಳು ಹುಡುಗಿ ಬಂದರು. ಸಲಾಂ ಹೇಳಿದೆ. ಅಷ್ಟೇ, ತೂಬು ಎತ್ತಿದ ಹಾಗೆ ಮಾತು ಹರೀತು ನೋಡಿ! ನಾನೇನು ಸೋಲೋಳಾ? ಎಲ್ಲದಕ್ಕೂ "ಅಲ್ಹಮ್ದುಲಿಲ್ಲಾಹ್" ಅಂದೆ, ದೇವರು ದೊಡ್ಡ ಉಪಕಾರ ಮಾಡಿದ ಅನ್ನೋ ಹಾಗೆ ತಲೆ ಆಡಿಸಿದೆ. ಎಲ್ಲರೂ ನಕ್ಕರು. ತಂಡದ ಮುಖ್ಯಸ್ಥರು, ದೊಡ್ಡ ಸಾಹೇಬರು, ಅವರ ಮುಖ ಮಾತ್ರ ಕೆಂಪಾಗ್ತಾ ಹೋಯ್ತು. ಅವರು ಮತ್ತೆ ಅದನ್ನೇ ಹೇಳಿದರು. ನಾನು ಮತ್ತೆ "ಅಲ್ಹಮ್ದುಲಿಲ್ಲಾಹ್" ಅಂದೆ. ಕೊನೆಗೆ ಟ್ರಾಫಿಕ್ ಪೊಲೀಸಿನ ಹಾಗೆ ಅಂಗೈ ಎತ್ತಿ ನನ್ನ ಮಾತು ನಿಲ್ಲಿಸಿದರು.

ಆ ಹುಡುಗಿ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು: "ಖಾಲಾ, ಅವರ ಸೂಟ್‌ಕೇಸ್ ಕಳೆದುಹೋಗಿದೆ."

ಖಾಲಾ ಅಂದರೆ ಚಿಕ್ಕಮ್ಮ. ನಮ್ಮನೆ ಮಾತಲ್ಲೂ ಅದೇ, ಅವಳ ಮಾತಲ್ಲೂ ಅದೇ. ಅವತ್ತಿಂದ ಅವಳು ನನ್ನ ಮಗಳಾದಳು. ಸಾಹೇಬರ ಸೂಟ್‌ಕೇಸ್ ಕಳೆದುಹೋಗಿದ್ದಕ್ಕೆ ಮಾತ್ರ ನಾನು ದೇವರಿಗೆ ಆಗಲೇ ಬೇಕಾದಷ್ಟು ಥ್ಯಾಂಕ್ಸ್ ಹೇಳಿಯಾಗಿತ್ತು.

ನೋಡೋಕೆ ಬಂದವರ ಕೌಂಟರ್

ದೊಡ್ಡ ಸಾಹೇಬರದ್ದು ಅವರೂರಲ್ಲಿ ಹುಟ್ಟಿದ ಮಕ್ಕಳಿಗೆ ಸರ್ಟಿಫಿಕೇಟ್ ಕೊಡೋ ಕಚೇರಿ. ಹುಡುಗಿ ಅವರ ಕೈಕೆಳಗೆ. ಒಂದು ದಿನ ನಮ್ಮನೆಗೆ ಬಂದು, ನನ್ನ ಜೊತೆ ಈರುಳ್ಳಿ ಹೆಚ್ಚುತ್ತಾ ನಮ್ಮಿಬ್ಬರ ಹರುಕು ಇಂಗ್ಲಿಷಿನಲ್ಲೇ ಹೇಳಿದಳು: "ಅವರ ಕೋಣೆ ಮುಟ್ಟೋಕೆ ಮೂರು ಬಾಗಿಲು ದಾಟಬೇಕು, ಖಾಲಾ. ಬಾಗಿಲಿಗೊಬ್ಬ ಜವಾನ. ಕೂಸು ಎತ್ಕೊಂಡು ಬಂದ ತಾಯಿ ಮೂರನೇದು ದಾಟೋ ಹೊತ್ತಿಗೆ ಕೂಸು ನಡೆಯೋಕೆ ಕಲಿತಿರುತ್ತೆ."

ಬಾಗಿಲೆಲ್ಲ ಕಿತ್ತು ಸಾಹೇಬರ ಮೇಜನ್ನ ಜನರೆದುರು ತಂದು ಹಾಕಬೇಕು. ಇಷ್ಟೇ ಅವಳ ಯೋಜನೆ. ಪ್ರತಿ ತಂಡಕ್ಕೂ ಕೊನೆಯ ದಿನ ನಮ್ಮನೆಯಲ್ಲಿ ಊಟ. ದುಡ್ಡು ಕೊಡೋ ದೇಶಗಳವರು ಬಂದು, "ಊರಿಗೆ ಹೋಗಿ ಏನು ಬದಲಾಯಿಸ್ತೀರಿ?" ಅಂತ ಕೇಳೋರು. ಅಲ್ಲಿ ಹೇಳಿದ ಕೆಲಸಕ್ಕೆ ಮಾತ್ರ ನೆರವು. ಸಾಹೇಬರು ಅವಳಿಗೆ ಮೊದಲೇ ಅಂಗೈ ತೋರಿಸಿದ್ದರು: "ನೀನು ಸುಮ್ಮನಿರು. ಸಂದರ್ಶಕರಿಗೆ ಹೊಸ ಸೋಫಾ ಬೇಕು ಅಂತ ನಾನೇ ಹೇಳ್ತೀನಿ."

"ಸುಮ್ಮನಿರ್ತೀಯಾ?" ಅಂದೆ.

"ಎದ್ದು ನಿಲ್ತೀನಿ, ಖಾಲಾ. ಆದರೆ ಅವರು ಕೈ ಎತ್ತಿದರೆ ಎಲ್ಲರೂ ಅವರ ಕಡೆಗೇ ತಿರುಗ್ತಾರೆ."

ಮಾರನೇ ದಿನ ಎಲ್ಲರನ್ನೂ ಡ್ರೈವಿಂಗ್ ಲೈಸೆನ್ಸ್ ಕೊಡೋ ಕಚೇರಿ ತೋರಿಸೋಕೆ ಕರ್ಕೊಂಡು ಹೋದರು. ನನ್ನ ಐಡಿ ಕಾರ್ಡಿನ ಕೆಲಸವೂ ಇತ್ತು, ನಾನೂ ವ್ಯಾನ್ ಹತ್ತಿದೆ. ಸಾಹೇಬರು ಸೀದಾ ಕೌಂಟರಿಗೆ ಹೋಗಿ ತಮ್ಮ ವಿಸಿಟಿಂಗ್ ಕಾರ್ಡ್ ಇಟ್ಟರು. ಕೌಂಟರಿನ ಹೆಂಗಸು ಕಣ್ಣೆತ್ತದೆ, "ನಂಬರ್ ಚೀಟಿ ತಗೊಂಡು ಕೂತ್ಕೊಳ್ಳಿ," ಅಂದಳು. ಸಾಹೇಬರು ಅಂಗೈ ಎತ್ತಿದರು. ಅವಳೂ ಎತ್ತಿದಳು. ಅವಳದ್ದು ದೊಡ್ಡ ಅಂಗೈ.

ಸಾಹೇಬರು ಚೀಟಿ ಹಿಡಿದು ಬಂದು ನನ್ನ ಪಕ್ಕ ಕೂತರು. ನನ್ನ ಕೆಲಸ ಮುಗೀತು, ಅವರ ಸರದಿ ಬರಲಿಲ್ಲ. ಅಂತೂ ಅವರ ನಂಬರ್ ಕೂಗಿದರು.

"ಏನಾಗಬೇಕು?"

"ಏನೂ ಇಲ್ಲ. ಕಚೇರಿ ನೋಡೋಕೆ ಬಂದಿದ್ದೀವಿ."

"ಅದಕ್ಕೆ ಆ ಕಡೆ ಕೌಂಟರ್. ಬೇರೆ ನಂಬರ್ ತಗೊಳ್ಳಿ."

ದೂರು ಕೊಟ್ಟವರಿಗೆ ವಂದನೆ

ನ್ಯೂಯಾರ್ಕಿನ ಆ ಎರಡು ಗೋಪುರ ಬಿದ್ದ ವರ್ಷದಿಂದ ನಮ್ಮ ಪಕ್ಕದ ಮನೆ ಯಜಮಾನರಿಗೆ ಬೇಲಿ ಮೇಲೆ ಇಣುಕೋ ಅಭ್ಯಾಸ. ಒಂದು ಸಂಜೆ ನಮ್ಮನೆ ಮುಂದೆ ವ್ಯಾನ್ ನಿಂತು, ಅರಬ್ಬಿ ಮಾತಾಡ್ತಾ ಐದು ಜನ ಗಂಡಸರು ಇಳಿದರು. ಯಜಮಾನರು ಪೊಲೀಸಿಗೆ ಫೋನ್ ಮಾಡೇಬಿಟ್ಟರು.

ಅನ್ನ ದಮ್ಮಿಗೆ ಇಟ್ಟಿದ್ದೆ, ಪೊಲೀಸಪ್ಪ ಬಾಗಿಲು ಬಡಿದ. ಮಗಳು ಬಿಳಿಚಿಕೊಂಡಳು. ನಾನು, "ನಮ್ಮ ಮನೆ, ನಮ್ಮ ನೆಂಟರು. ಒಳಗೆ ಬರೋದಾದರೆ ಶೂ ಬಿಚ್ಚಿ ಬಾಪ್ಪ, ಈಗಷ್ಟೇ ನೆಲ ಒರೆಸಿದ್ದೀನಿ," ಅಂದೆ. ಮಗಳು ಅದನ್ನ ಇಂಗ್ಲಿಷಿಗೆ ತಿರುಗಿಸೋಕೆ ಹೆದರಿದಳು. ನಾನೇ ಶೂ ಕಡೆ ಬೆರಳು ತೋರಿಸಿದೆ. ಬಿಚ್ಚಿದ, ಪಾಪ. ಕಾಲುಚೀಲದಲ್ಲಿ ತೂತಿತ್ತು.

ಅವನು ಕೇಳಬೇಕಾದ್ದು ಕೇಳೋಕೆ ಮೊದಲೇ ಅಧಿಕಾರಿಗಳು ಅವನನ್ನ ಸುತ್ಕೊಂಡರು. "ದೂರು ಬಂದದ್ದು ಯಾವಾಗ? ಇಷ್ಟು ಬೇಗ ಹೇಗೆ ಬಂದಿರಿ? ಯಾರ ಸಹಿ ಬೇಕು?" ಕ್ಲಾಸಿನಲ್ಲಿ ವಾರವೆಲ್ಲ ಅದೇ ಪಾಠ ನಡೆದಿತ್ತು! ಪೊಲೀಸಪ್ಪ ಬಿರಿಯಾನಿ ತಿಂತಾ ಉತ್ತರ ಹೇಳಿ ಸುಸ್ತಾದ. ಕೊನೆಗೆ ಒಬ್ಬರು, "ದೂರು ಕೊಟ್ಟವರಿಂದ ತಾನೇ ಇದೆಲ್ಲ ಕಣ್ಣಾರೆ ನೋಡಿದ್ದು? ಬನ್ನಿ, ಅವರಿಗೆ ವಂದನೆ ಹೇಳೋಣ," ಅಂದರು.

ಎಲ್ಲರೂ ಸಾಲಾಗಿ ಹೋಗಿ ಪಕ್ಕದ ಮನೆ ಬೆಲ್ ಒತ್ತಿದರು. ನಾನೂ ಒಂದು ತಟ್ಟೆ ಬಿರಿಯಾನಿ ಹಿಡಿದು ಹಿಂದೇ ಹೋದೆ. ಆ ಯಜಮಾನರ ಮುಖ ನೋಡಬೇಕಿತ್ತು ನೀವು!

ಒಂದು ಬಾಗಿಲು ಬಿದ್ದದ್ದು

ಕೊನೆಯ ದಿನ ಬಂತು. ನಮ್ಮ ದೇಶದವರ ಅಂಗಡಿಗಳಿರೋ ಆರ್ಟೀಸಿಯಾಕ್ಕೆ ಹೋಗಿ ಬಾಸ್ಮತಿ, ಶಾವಿಗೆ ಎಲ್ಲ ತಂದು ಅಡುಗೆ ಮಾಡಿದ್ದೆ. ದುಡ್ಡು ಕೊಡೋ ದೇಶಗಳ ಮೂವರು ಸೋಫಾ ಮೇಲೆ ಕೂತಿದ್ದರು. ಸಾಹೇಬರು ಭಾಷಣಕ್ಕೆ ಮುಂಚೆ ಕೈ ತೊಳೆಯೋಕೆ ಅಂತ ಎದ್ದರು.

ನಮ್ಮ ಬಾತ್‌ರೂಮ್ ಬಾಗಿಲ ಚಿಲಕದ ಗುಂಡಿ ಒತ್ತಿದರೆ ಸಿಕ್ಕಿಕೊಳ್ಳೋದು. ಮನೆಯವರು ಯಾರೂ ಒತ್ತಲ್ಲ. ಅಳಿಯ ರಿಪೇರಿ ಮಾಡ್ತೀನಿ ಅಂತ ಎರಡು ರಂಜಾನ್ ಕಳೆದಿದ್ದ. ನಾನು ಓಡಿಹೋಗಿ, "ಸಾಹೇಬ್ರೇ, ಆ ಗುಂಡಿ..." ಅಂತ ಬಾಯಿ ತೆರೆದೆ. ಅವರು ಅಂಗೈ ಎತ್ತಿದರು.

ಸರಿ, ಸುಮ್ಮನಾದೆ. ದೊಡ್ಡವರ ಮಾತಿಗೆ ಮರ್ಯಾದೆ ಕೊಡಬೇಕಲ್ಲ!

ಟಕ್ ಅಂತ ಗುಂಡಿ ಒತ್ತಿದ ಸದ್ದು. ಆಮೇಲೆ ದಬದಬ. ಅಳಿಯ ಓಡಿದ. ಇತ್ತ ಸೋಫಾದವರು, "ಸರಿ, ಊರಿಗೆ ಹೋಗಿ ಏನು ಬದಲಾಯಿಸ್ತೀರಿ?" ಅಂದರು. ನಾನು ಹುಡುಗಿಯ ಬೆನ್ನಿಗೆ ಕೈ ಹಾಕಿ ದೂಡಿದೆ. "ಎದ್ದೇಳು. ಕೈ ಎತ್ತೋರು ಒಳಗಿದ್ದಾರೆ."

ಎದ್ದಳು. ಮೂರು ಬಾಗಿಲು, ಮೂವರು ಜವಾನರು, ನಡೆಯೋಕೆ ಕಲಿತ ಕೂಸು, ಎಲ್ಲ ಹೇಳಿದಳು. ದನಿ ಮೊದಲು ನಡುಗಿತು, ಆಮೇಲೆ ಬಾತ್‌ರೂಮಿನ ದಬದಬವನ್ನೂ ಮೀರಿಸಿತು. "ಬಾಗಿಲು ಕೀಳ್ತೀವಿ. ಅಷ್ಟೇ," ಅಂತ ಮುಗಿಸಿದಳು.

ಅಷ್ಟರಲ್ಲಿ ಅಳಿಯ ಬಾಗಿಲ ಕೆಳಗಿಂದ ಸ್ಕ್ರೂಡ್ರೈವರ್ ತೂರಿಸಿ, "ಕೀಲು ಒಳಗಡೆ ಇವೆ ಸಾರ್, ನೀವೇ ಬಿಚ್ಚಬೇಕು," ಅಂತ ಹೇಳಿಕೊಟ್ಟಿದ್ದ. ಅವಳ ಮಾತು ಮುಗಿಯೋಕೂ ಬಾಗಿಲು ಕಿತ್ತು ಬರೋಕೂ ಸರಿಹೋಯ್ತು. ದೊಡ್ಡ ಸಾಹೇಬರು ಬೆವರು ಸುರಿಸ್ತಾ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಬಾಗಿಲು ಹಿಡಿದು ನಿಂತಿದ್ದರು.

ಸೋಫಾದ ಮೂವರೂ ಎದ್ದು ಚಪ್ಪಾಳೆ ತಟ್ಟಿದರು. "ಭೇಷ್! ಇಲ್ಲಿಂದಲೇ ಶುರು ಮಾಡಿಬಿಟ್ಟಿರಾ!" ಫೋಟೋ ಕೂಡ ತೆಗೆದರು. ಎರಡೂ ಕೈಯಲ್ಲಿ ಸಾಮಾನು. ಪಾಪ, ಅಂಗೈ ಎತ್ತೋದು ಹೇಗೆ?

ಯಾರ್ಯಾರು ಏನಾದರು ಅಂತ ಕೇಳ್ತೀರಾ? ಸೂಟ್‌ಕೇಸ್ ಎಲ್ಲೆಲ್ಲೋ ಸುತ್ತಿ ಸಾಹೇಬರಿಗಿಂತ ಮೊದಲೇ ಅವರ ಮನೆ ಸೇರಿತಂತೆ. ಪೊಲೀಸಪ್ಪ ಆಮೇಲೂ ಆಗಾಗ ಬಂದು, "ಅಮ್ಮ, ದೂರೇನಾದರೂ ಇದೆಯಾ?" ಅಂತ ಅಡುಗೆಮನೆ ಕಡೆ ಮೂಗು ಅರಳಿಸೋನು. ಪಕ್ಕದ ಮನೆ ಯಜಮಾನರು ಬೇಲಿ ಮೇಲೆ ಇಣುಕೋದು ಬಿಡಲಿಲ್ಲ, ಮುಂದಿನ ವ್ಯಾನ್ ಯಾವಾಗ ಬರುತ್ತೆ ಅಂತ ಕೇಳೋಕೆ. ನೆರವು ಬಾಗಿಲು ಕೀಳೋ ಕೆಲಸಕ್ಕೇ ಬಂತು, ದೊಡ್ಡ ಸಾಹೇಬರು ರಿಟೈರ್ ಆಗೋವರೆಗೂ ಜನರ ನಡುವೆಯೇ ಕೂತರು. ಅಂಗೈ ಎತ್ತಿದಾಗಲೆಲ್ಲ ಹೆಂಗಸರು ಅದರ ಮೇಲೆ ಅರ್ಜಿ ಇಟ್ಟುಬಿಡ್ತಿದ್ದರಂತೆ. ಈಗ ಆ ಮೇಜಿನ ಹಿಂದೆ ನನ್ನ ಹುಡುಗಿ ಕೂತಿದ್ದಾಳೆ, ಬಾಗಿಲಿಲ್ಲ, ಜವಾನರಿಲ್ಲ.

ನಮ್ಮ ಬಾತ್‌ರೂಮ್ ಬಾಗಿಲು? ಅಳಿಯ ಮಾರನೇ ದಿನವೇ ಕೂರಿಸಿದ. ಆ ಗುಂಡಿ ರಿಪೇರಿ ಮಾಡೋಕೆ ಮಾತ್ರ ನಾನು ಬಿಟ್ಟಿಲ್ಲ. ಕೈ ಎತ್ತೋರು ಇನ್ನೂ ಬಹಳ ಜನ ಇದ್ದಾರೆ.