ಭಟ್ಟಿಯ ಬಿಸಿ ಹಂಚಿಕೊಂಡ ಎಂಟು ಮಂದಿ

ಶ್ರೀಹರಿಯ ಪಾದಕ್ಕೆ ತಲೆಬಾಗಿ ಬರೆಯುತ್ತೇನೆ. ಎಷ್ಟೇ ಗಂಭೀರ ಕೆಲಸ ಹಿಡಿದರೂ ಒಳಗೊಂದು ನಗು ಇಟ್ಟೇ ಕೊಡುವುದು ಅವನ ರೂಢಿ. ಕಂಪ್ಯೂಟರ್ ಕಾಣದ ಕಾಲದಲ್ಲಿ, ನಾನು ವಾಡಿ ಊರಿನಲ್ಲಿ ಗಣಿತದ ಮಾಸ್ತರನಾಗಿದ್ದಾಗ ನಡೆದದ್ದು ಇದು.

೧

ಸಿಮೆಂಟ್ ಕಾರ್ಖಾನೆಯ ಎಂಜಿನಿಯರರು ಓಡಿಬಂದರು. "ಮಾಸ್ತರ್ರೀ, ಭಟ್ಟಿಯೊಳಗ ಹೊಸಾ ನಮೂನಿ ಇಟ್ಟಂಗಿ ಕಟ್ಟಿಸೀನ್ರಿ. ಹೊರಗಿನ ಕಬ್ಬಿಣದ ಹೊದಿಕಿ ಎಷ್ಟು ಕಾಯ್ತದ ಅಂತ ಸೋಮವಾರದೊಳಗ ಲೆಕ್ಕ ತೋರಸಲಿಲ್ಲಂದ್ರ ಸಾಹೇಬ್ರು ಎಲ್ಲಾ ಕೀಳಸ್ತಾರ. ನನ್ನ ಮಾನ ಹೋಗ್ತದ."

ಭಟ್ಟಿಯ ಗೋಡೆಯ ಚಿತ್ರಕ್ಕೆ ಚೌಕ ಹಾಕಿ, ಪ್ರತಿ ಚೌಕದ ಬಿಸಿಯನ್ನು ಸುತ್ತಲಿನ ನಾಲ್ಕರ ಸರಾಸರಿಯೆಂದು ಬರೆಯಬೇಕು; ಅಂಕಿ ಬದಲಾಗುವುದು ನಿಲ್ಲುವವರೆಗೆ ಮತ್ತೆ ಮತ್ತೆ. ಒಬ್ಬನಿಗೆ ತಿಂಗಳ ಕೆಲಸ. ನಾನು ಚಿತ್ರವನ್ನು ಎಂಟು ಪಟ್ಟಿ ಮಾಡಿ, ಲೆಕ್ಕ ಬಲ್ಲ ಎಂಟು ಮಂದಿಯನ್ನು ಊರ ಮಠದ ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿದೆ. ತಮ್ಮ ಪಟ್ಟಿಯ ಅಂಚಿನ ಅಂಕಿಗಳನ್ನು ಪ್ರತಿ ಸುತ್ತಿಗೂ ಚೀಟಿ ಬರೆದು ಪಕ್ಕದವರಿಗೆ ಕೊಡಬೇಕು.

ನಡುವೆ ಕೂತ ಆಚಾರ್ಯರು ಮಡಿಯಲ್ಲಿದ್ದರು. ಮಂದಿ ಮುಟ್ಟಿದ ಚೀಟಿ ಮುಟ್ಟಲೊಲ್ಲರು! ಇಡೀ ಸಾಲು ನಿಂತಿತು. ಕೊನೆಗೆ ಅವರೇ ಅಂದರು: "ಕಿವಿಗೇನು ಮೈಲಿಗಿ ಇಲ್ಲ, ಒದರ್ರಿ."

ಎಲ್ಲರೂ ಅಂಕಿಗಳನ್ನು ಕೂಗಿ ಒದರಿದರು. ಚೀಟಿಗಿಂತ ಭಾಳ ಬೇಗ ಸಾಗಿತು. ದರ್ಶನಕ್ಕೆ ಬಂದ ಅಜ್ಜಿ ಕೈಮುಗಿದು ಕೂತು ಕೇಳಿದಳು: "ಇದು ಯಾವ ಸಹಸ್ರನಾಮರೀ?"

೨

ಸಾಲಿನ ತುದಿಯಲ್ಲಿ ಕೂತಿದ್ದ ರೈಲ್ವೆ ಗಾರ್ಡ್ ಲೆಕ್ಕದಲ್ಲಿ ಬಲು ಚುರುಕು. ಪಕ್ಕದವರ ಹೊಸ ಅಂಕಿಗೆ ಕಾಯದೆ ಮೂರು ಸುತ್ತು ಮುಂದೆ ಹೋಗಿದ್ದರು, ಎಲ್ಲ ತಪ್ಪು.

"ಜಲ್ದಿ ಮಾಡಿದ್ದೂ ತಪ್ಪೇನ್ರಿ?"

"ಸಿಗ್ನಲ್ ಬೀಳದೆ ಗಾಡಿ ಬಿಡ್ತೀರೇನ್ರಿ?" ಎಂದೆ.

ಮರುದಿನ ಹಸಿರು ಬಾವುಟವನ್ನೇ ತಂದರು. ಎಂಟೂ ಮಂದಿ ಮುಗಿಸಿದ ಮೇಲೆ ಬಾವುಟ. ಆಮೇಲೆ ಮುಂದಿನ ಸುತ್ತು. ಒಮ್ಮೆ ಅವರಿಗೆ ಸೀನು ಬಂದು ಬಾವುಟ ಅಲ್ಲಾಡಿತು. ಏಳು ಮಂದಿ ಮುಂದಿನ ಸುತ್ತಿಗೆ ಹೊರಟೇಬಿಟ್ಟರು!

೩

ರವಿವಾರ ಸಂಜೆ ಲೆಕ್ಕ ಮುಗಿಯಿತು. ಸೋಮವಾರ ಸಾಹೇಬರು ಕಾಗದ ನೋಡಿ, ಅನುಮಾನದಿಂದಲೇ ಬೆಂಕಿ ಹಚ್ಚಿಸಿದರು. ಭಟ್ಟಿ ಪೂರ್ತಿ ಕಾದ ಮೇಲೆ ಕಬ್ಬಿಣದ ಬಿಸಿ ಅಳೆದರೆ, ನಮ್ಮ ಅಂಕಿಗೂ ಅದಕ್ಕೂ ಕೂದಲೆಳೆಯ ಅಂತರ. ಎಂಜಿನಿಯರರ ಕಣ್ಣು ತುಂಬಿಬಂತು. ನನ್ನ ಎದೆ ಉಬ್ಬಿದ್ದು ಆ ಹರಿಗೇ ಗೊತ್ತು.

ಸಾಹೇಬರು ಮಠಕ್ಕೇ ಬಂದರು. "ಅದ್ಭುತ! ಎಂಟರ ಬದಲು ಹದಿನಾರು ಜನರನ್ನು ಕೂಡಿಸಿದ್ದರೆ ಅರ್ಧ ಹೊತ್ತಿನಲ್ಲೇ ಮುಗಿಯುತ್ತಿತ್ತಲ್ಲವೇ?"

ಅಷ್ಟೂ ದಿನ ನಮಗೆ ಅಡುಗೆ ಮಾಡಿ ಬಡಿಸಿದ್ದ ಭಟ್ಟರು ಒಳಗಿಂದಲೇ ಅಂದರು: "ಎಲ್ಲೀದ್ರೀ ಸಾಹೇಬ್ರ! ಒಲಿ ಒಂದೇ ಅದ. ಹದಿನಾರು ಎಲಿ ಬಡಸೂದ್ರಾಗ ಹೊತ್ತು ಮುಳಗತಿತ್ತು. ಲೆಕ್ಕ ಯಾವಾಗ ಮಾಡತಿದ್ರು?"

ಓದಿದವರಿಗೂ ಕೂತು ಕೇಳಿದವರಿಗೂ ಆ ಸ್ವಾಮಿ ಹೊಟ್ಟೆತುಂಬ ಅನ್ನ, ಬಾಯಿತುಂಬ ನಗು ಕೊಟ್ಟು ಕಾಪಾಡಲಿ.