ಮ್ಯಾಚಿಂಗ್ ಸೆಂಟರಿನ ಪೈಲಟ್

ಶಿವಾಜಿನಗರದ ರಹೀಂ ಮ್ಯಾಚಿಂಗ್ ಸೆಂಟರಿನ ಮೆಟ್ಟಿಲನ್ನು ಮಂಜುಳಮ್ಮ ಬೆಳಗಾಗುತ್ತಲೇ ಹತ್ತಿದರೆಂದರೆ ಶಾಹಬಾಜನಿಗೆ ಮಂಗಳಾರತಿ ಖಚಿತ. ಅಂದೂ ಅವರು ಹಸಿರು ಸೀರೆಯನ್ನೂ ಅದಕ್ಕೆಂದು ಅವನು ಕೊಟ್ಟಿದ್ದ ಕಂದು ರವಿಕೆ ಬಟ್ಟೆಯನ್ನೂ ಗಲ್ಲಾದ ಮೇಲೆ ಎಸೆದರು.

“ಇದೇನಪ್ಪಾ ಮ್ಯಾಚಿಂಗು? ಇದನ್ನ ಹಾಕ್ಕೊಂಡು ಮದುವೆಗೆ ಹೋದ್ರೆ ನನ್ನನ್ನ ಮರ ಅನ್ಕೊಂಡ್ಬಿಡ್ತಾರೆ!”

“ಏನ್ಮಾಡೋದಮ್ಮಾ, ಇವನ ಮೈ ಅಂಗಡೀಲಿ, ಮನಸ್ಸು ಏರೋಪ್ಲೇನಲ್ಲಿ,” ಎಂದು ಶಾಹಬಾಜನ ತಂದೆ ರಹೀಂ ಹಣೆ ಚಚ್ಚಿಕೊಂಡರು.

ಮಾತು ಸುಳ್ಳಲ್ಲ. ಪೈಲಟ್ ಆಗುವ ಹುಚ್ಚು ಶಾಹಬಾಜನಿಗೆ ಚಿಕ್ಕಂದಿನಿಂದಲೂ ಇತ್ತು. ತಲೆಯ ಮೇಲೆ ವಿಮಾನ ಹಾದರೆ ಅಳತೆಕೋಲು ಹಿಡಿದೇ ಬೀದಿಗೆ ಓಡುತ್ತಿದ್ದ. ಅವನು ಕೊಟ್ಟ ತಪ್ಪು ಬಣ್ಣಗಳಿಗೆಲ್ಲ ಆಕಾಶವೇ ಕಾರಣ ಎಂದು ಇಡೀ ಗಲ್ಲಿ ತೀರ್ಮಾನಿಸಿತ್ತು. ಬೈದೂ ಬೈದೂ ಸೋತ ರಹೀಂ, ಅಂಗಡಿ ಅಡವಿಟ್ಟಾದರೂ ಓದಿಸುತ್ತೇನೆ, ಇರುವ ಗಿರಾಕಿಗಳಾದರೂ ಉಳಿಯಲಿ ಎಂದು ಕೊನೆಗೆ ಒಪ್ಪಿದ್ದರು. ಅಂದು ಇಂದಿರಾನಗರದಲ್ಲಿ ವೈದ್ಯಕೀಯ ಪರೀಕ್ಷೆ. ಅದೊಂದು ದಾಟಿದರೆ ಶಾಹಬಾಜನಿಗೆ ಆಕಾಶ ಸಿಕ್ಕಂತೆಯೇ.

“ವಿಮಾನ ಕಂಪನಿಗಳೇ ಕೆಲಸದವರನ್ನ ಮನೆಗೆ ಕಳಿಸ್ತಿವೆ ರಹೀಂ ಭಾಯ್, ಈಗ ಪೈಲಟ್ಟಾ?” ಎಂದರು ಪಕ್ಕದ ಬಳೆ ಅಂಗಡಿಯ ಮೊಹ್ಸಿನ್.

“ಕೆಳಗಿರೋ ನಾವೇನು ಉದ್ಧಾರ ಆಗ್ತಿದೀವಾ? ಎಲ್ಲಾರೂ ಫೋನಲ್ಲೇ ರೆಡಿಮೇಡ್ ತರಿಸ್ಕೋತಾರೆ. ಇವನಾದ್ರೂ ಹಾರಿ ಬದುಕ್ಲಿ,” ಎಂದರು ರಹೀಂ.

ಅಷ್ಟರಲ್ಲಿ ಸಹಾಯ ನಾಲ್ಕೂ ಕಡೆಯಿಂದ ನುಗ್ಗಿತು. ಮೊಹ್ಸಿನ್ ಕ್ಯಾರೆಟ್ ಜ್ಯೂಸ್ ತಂದರು. ಮಂಜುಳಮ್ಮ ಕೋಪ ಮರೆತು, ಕಣ್ಣಿಗೆ ಒಳ್ಳೆಯದೆಂದು ಹೊನಗೊನೆ ಸೊಪ್ಪಿನ ಪಲ್ಯ ತಿನ್ನಿಸಿದರು. ಅಜ್ಜಿ ಇಮಾಮ್ ಬೀ ಅವನ ಗಲ್ಲ ಹಿಡಿದು, “ಕಣ್ಣಿನ ಪರೀಕ್ಷೆಗೆ ಸುರ್ಮಾ ಇಲ್ದೆ ಯಾರಾದ್ರೂ ಹೋಗ್ತಾರಾ ಬೇಟಾ?” ಎಂದು ಎರಡೂ ಕಣ್ಣಿಗೆ ಆ ಕಪ್ಪನ್ನು ಧಾರಾಳವಾಗಿ ಎಳೆದರು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಿಭಾ ಅವನ ಎದೆ, ಕಿವಿ, ರಕ್ತ ಎಲ್ಲವನ್ನೂ ನೋಡಿ ತಲೆದೂಗಿದರು. ಕಣ್ಣಿಗೆ ಬಂದಾಗ ಬೆಚ್ಚಿದರು. “ಇದೇನ್ರೀ ಹಚ್ಕೊಂಡಿದೀರಾ? ಮೊದ್ಲು ತೊಳ್ಕೊಂಡು ಬನ್ನಿ.”

ತೊಳೆದಷ್ಟೂ ಸುರ್ಮಾ ಕೆನ್ನೆಗಿಳಿಯಿತು. ಡಾಕ್ಟರು ಬಣ್ಣದ ಚುಕ್ಕೆಗಳಿದ್ದ ಪುಸ್ತಕ ತೆರೆದರು.

“ಇಲ್ಲಿ ಯಾವ ನಂಬರ್ ಇದೆ?”

“ನಂಬರ್ ಇಲ್ಲ ಮೇಡಂ. ಚುಕ್ಕೆ ಇದೆ.”

“ಇದ್ರಲ್ಲಿ?”

“ಇದ್ರಲ್ಲೂ ಚುಕ್ಕೆ.”

ಎಲ್ಲ ಸುರ್ಮಾದ ಕಾಟವೆಂದು ಶಾಹಬಾಜ್ ಮತ್ತೆ ಓಡಿ ಕಣ್ಣು ಕೆಂಪಾಗುವಂತೆ ಉಜ್ಜಿ ಬಂದ. ಚುಕ್ಕೆ ಚುಕ್ಕೆಯಾಗಿಯೇ ಉಳಿಯಿತು.

“ಕೆಂಪು, ಹಸಿರು ನಿಮಗೆ ಬೇರೆ ಬೇರೆಯಾಗಿ ಕಾಣಲ್ಲ. ಹುಟ್ಟಿನಿಂದ ಬಂದಿದ್ದು, ಇದಕ್ಕೆ ಔಷಧಿ ಇಲ್ಲ. ಫಿಟ್ ಅಂತ ನಾನು ಕೊಡೋಕಾಗಲ್ಲ,” ಎಂದು ವಿಭಾ ಮೆಲ್ಲಗೆ ಹೇಳಿದರು. “ಬೇಜಾರ್ ಮಾಡ್ಕೋಬೇಡಿ. ಈಗೇನು ಕೆಲಸ ಮಾಡ್ತಿದೀರಾ?”

“ಮ್ಯಾಚಿಂಗ್ ಸೆಂಟರಲ್ಲಿ, ಮೇಡಂ.”

ಡಾಕ್ಟರು ಪೆನ್ನು ಕೆಳಗಿಟ್ಟರು.

ವಾಪಸ್ಸು ಬರುವಾಗ ಹಲಸೂರಿನ ಸಿಗ್ನಲ್ಲಿನಲ್ಲಿ ಅವನ ಆಟೋ ನಿಂತಿತು. ಮೇಲಿನ ದೀಪ ಹತ್ತಿದರೆ ನಿಲ್ಲಬೇಕು, ಕೆಳಗಿನದು ಹತ್ತಿದರೆ ಹೋಗಬೇಕು. ಜಗತ್ತೆಲ್ಲ ಹಾಗೇ ನೋಡುತ್ತದೆಂದು ಅವನು ಇಷ್ಟು ದಿನ ನಂಬಿದ್ದ. ದುಃಖ ಒತ್ತರಿಸಿ ಬಂದು, ಉಳಿದ ಸುರ್ಮಾವೂ ಇಳಿಯಿತು.

ಅವನ ಕಪ್ಪು ಕೆನ್ನೆ ಕಂಡದ್ದೇ ಇಮಾಮ್ ಬೀ ಎದೆ ಬಡಿದುಕೊಂಡರು. “ನನ್ನ ಸುರ್ಮಾನೇ ಮಗೂನ ಹಾಳ್ಮಾಡ್ತು!”

“ಇಲ್ಲ ದಾದಿ, ಸುರ್ಮಾದ್ದೇನೂ ತಪ್ಪಿಲ್ಲ,” ಎಂದು ಶಾಹಬಾಜ್ ನಡೆದದ್ದನ್ನು ಹೇಳಿದ.

ಗಿರಾಕಿಗಳು ವಾಪಸ್ಸು ಕೊಟ್ಟು ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಗಳ ಗಂಟನ್ನು ರಹೀಂ ನೋಡಿದರು. “ಇಷ್ಟ್ ವರ್ಷ ಸುಮ್ನೆ ಆಕಾಶಾನ ಬೈಕೊಂಡು ಬಂದ್ನಲ್ಲಪ್ಪಾ,” ಎಂದು ಕಣ್ಣೊರೆಸಿಕೊಂಡರು. ಎಷ್ಟಾದರೂ ವ್ಯಾಪಾರಿ. ಸ್ವಲ್ಪ ಹೊತ್ತಿಗೆ ಕೇಳಿದರು, “ನೀಲಿ ಕಾಣ್ಸುತ್ತಾ?”

“ಕಾಣ್ಸುತ್ತೆ ಅಬ್ಬಾ. ಚೆನ್ನಾಗಿ ಕಾಣ್ಸುತ್ತೆ.”

“ಹಂಗಾದ್ರೆ ಇವತ್ತಿಂದ ನೀಲಿ ಕಪಾಟು ನಿಂದು.”

ಮಂಜುಳಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಮನೆಗೆ ಓಡಿ ಒಂದು ನೀಲಿ ಸೀರೆ ತಂದರು. “ಬೈದಿದ್ದು ಮನಸ್ಸಲ್ಲಿಟ್ಕೋಬೇಡಪ್ಪ. ಇದಕ್ಕೊಂದು ಕೊಡು.”

ಶಾಹಬಾಜ್ ಕಪಾಟಿನಿಂದ ಒಂದೇ ಬಟ್ಟೆ ಥಾನು ಎಳೆದ. ಎಳೆಗೆ ಎಳೆ ಹೊಂದಿತು.

“ನೋಡ್ರೀ, ಆಕಾಶ ನೀಲಿ ಅಂದ್ರೆ ಇದು!” ಎಂದು ಮಂಜುಳಮ್ಮ ಕೂಗಿದರು. ಗಲ್ಲಿಯೆಲ್ಲ ಚಪ್ಪಾಳೆ ತಟ್ಟಿತು.

ಮೇಲೆ ವಿಮಾನವೊಂದು ಗುಡುಗುತ್ತ ಹಾದುಹೋಯಿತು. ಶಾಹಬಾಜ್ ತಲೆಯೆತ್ತಲಿಲ್ಲ. ಒಂದು ಮೀಟರ್ ಆಕಾಶವನ್ನು ಅಳೆದು, ಕತ್ತರಿಸಿ, ಮಡಿಸಿ, ಚೀಲಕ್ಕೆ ಹಾಕಿ ಕೊಟ್ಟ.