ಎರಡು ಮನೆಯ ಹೆಪ್ಪು

ಬೇಕಾದ ವಸ್ತು ಯಾವುದೂ ನನ್ನ ಹತ್ತಿರ ಒಂದೇ ಇರಬಾರದು. ಒಂದೇ ಇದ್ದರೆ ಅದು ಈಗ ಹೋಯಿತು, ಇನ್ನೇನು ಹೋಯಿತು ಎಂದು ಜೀವ ಹೊಯ್ದಾಡುತ್ತದೆ. ಸಿಂದಗಿಯ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದಾಗ ಕಿಸೆಯಲ್ಲಿ ಎರಡು ಪೆನ್ನು, ಚೀಲದಲ್ಲಿ ಓದಲು ಕಣ್ಣಿಗೆ ಹಾಕುವ ಎರಡು ಚಾಳೀಸು, ಬಗಲಲ್ಲಿ ಎರಡು ಕೊಡೆ. ಈ ಊರಿನ ಮಳೆಗೆ ಅರ್ಧ ಕೊಡೆಯೇ ಹೆಚ್ಚು ಎಂದು ಉಳಿದ ಮಾಸ್ತರರು ನಗುತ್ತಿದ್ದರು. ನಾನು ಅವರನ್ನು ಮುಂದಾಲೋಚನೆಯಿಲ್ಲದ ಜನ ಎಂದು ಮನ್ನಿಸಿಬಿಟ್ಟಿದ್ದೆ. ಒಮ್ಮೆ ಮುದ್ದೇಬಿಹಾಳಕ್ಕೆ ಒಂದು ಮದುವೆಗೆ ಹೋಗುವಾಗ ಎರಡೂ ಕೊಡೆಗಳನ್ನು ಒಂದಕ್ಕೊಂದು ದಾರದಿಂದ ಭದ್ರವಾಗಿ ಕಟ್ಟಿ ಬಸ್ಸಿನಲ್ಲಿ ಸೀಟಿನ ಮೇಲಿನ ಹಲಗೆಯಲ್ಲಿ ಇಟ್ಟೆ. ಇಳಿಯುವಾಗ ಮರೆತೆ. ಎರಡೂ ಹೋದವು. ನನ್ನ ಹೆಂಡತಿ ಶಾರದಾ, ಬಸವನ ಬಾಗೇವಾಡಿಯವಳು, ಕಡಿಮೆ ಮಾತಿನವಳು, ಅಂದು ಇಷ್ಟೇ ಹೇಳಿದಳು: "ಎರಡನೇದನ್ನ ಬ್ಯಾರೆ ಕಡೆ ಇಡಬೇಕ್ರಿ. ಇಲ್ಲಾಂದ್ರ ಅದು ಎರಡನೇದು ಹೆಂಗಾಗ್ತೈತಿ?"

ಈ ಮಾತನ್ನು ನಾನು ಕೊಡೆಯ ವಿಷಯದಲ್ಲಿ ಬಳಸಲಿಲ್ಲ, ಏಕೆಂದರೆ ಕೊಡೆಗಳು ಇರಲಿಲ್ಲ. ಹೆಪ್ಪಿನ ವಿಷಯದಲ್ಲಿ ಬಳಸಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ತಾಂಬಾದ ನಮ್ಮ ಮನೆಯ ಮೊಸರಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಎರಡನೆಯ ದಿನಕ್ಕೂ ಹುಳಿಯಾಗದು, ಗಡಿಗೆ ಬಗ್ಗಿಸಿದರೆ ಜಾರದು, ಬಿಸಿ ರೊಟ್ಟಿ, ಶೇಂಗಾ ಹಿಂಡಿಯ ಮಗ್ಗುಲಿಗೆ ಬಿದ್ದರೆ ಉಣ್ಣುವವನು ಮಾತು ನಿಲ್ಲಿಸುತ್ತಿದ್ದ. ಇದರಲ್ಲಿ ಎಮ್ಮೆಯ ಪಾಲು ಕಡಿಮೆ, ಹೆಪ್ಪಿನ ಪಾಲು ಹೆಚ್ಚು ಎಂದು ಅವ್ವನ ನಂಬಿಕೆ. ಅವಳ ತವರುಮನೆ ಮೋರಟಗಿಯಿಂದ, ಅವಳ ಅವ್ವನ ಗಡಿಗೆಯಿಂದ ಬಂದ ಹೆಪ್ಪು ಅದು. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದು ನಾಳೆಯ ಹಾಲಿಗೆ, ಹೀಗೆ ಒಂದು ದಿನವೂ ಬಿಡದೆ ನಡೆದುಬಂದದ್ದು. ನಾವು ಸಿಂದಗಿಯಲ್ಲಿ ಸಂಸಾರ ಹೂಡಿದಾಗ ಅವ್ವ ಬಂಗಾರ ಕೊಟ್ಟಷ್ಟು ಗಂಭೀರವಾಗಿ ಶಾರದೆಯ ಕೈಗೆ ಒಂದು ಡಬ್ಬಿ ಕೊಟ್ಟು, "ಇದು ನಮ್ಮವ್ವನ ಹೆಪ್ಪವ್ವ. ತುಂಡಾಗಗೊಡಬ್ಯಾಡ," ಎಂದಿದ್ದಳು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಒಂದೇ ಗಡಿಗೆ! ಬೆಕ್ಕು ಉರುಳಿಸಿದರೆ? ಎರಡನೆಯದು ಬೇರೆ ಕಡೆ ಇರಬೇಕು. ಪಕ್ಕದ ಮನೆಯ ಗಂಗಾಕಾಕುವನ್ನು ಒಪ್ಪಿಸಿದೆ. ನಮಗೂ ಅವಳಿಗೂ ಹಾಲು ಅವಳ ಎಮ್ಮೆಯದೇ, ನಡುವೆ ಒಂದೇ ಗೋಡೆ. ಒಂದೇ ಅಳತೆಯ ಎರಡು ಗಡಿಗೆ ತಂದೆ. ಎರಡೂ ಮನೆಯಲ್ಲಿ ಅದೇ ಹೆಪ್ಪು, ಅದೇ ಹಾಲು. ನಮ್ಮದು ಕೆಟ್ಟರೆ ಅಲ್ಲಿಂದ ಒಂದು ಚಮಚ, ಅವರದು ಕೆಟ್ಟರೆ ಇಲ್ಲಿಂದ ಒಂದು ಚಮಚ. ಊಟ ಮಾತ್ರ ಒಂದು ಹೊತ್ತೂ ನಿಲ್ಲುವ ಹಾಗಿಲ್ಲ. ಮೂರನೆಯವರ ಕೈಗೆ ಹೋಗಿ ಹೆಪ್ಪಿನ ಗುಣ ಕೆಡಬಾರದೆಂದು, ಯಾರಿಗೂ ಕೊಡಕೂಡದು ಎಂದು ಕಾಕುವಿನಿಂದ ಮಾತು ತೆಗೆದುಕೊಂಡೆ. ಪ್ರತಿ ರವಿವಾರ ಎರಡೂ ಗಡಿಗೆಗಳ ತಪಾಸಣೆ ನನ್ನದು.

ಎರಡು ವಸ್ತು ಇದ್ದಾಗ ಅವು ಸರಿಸಮ ಇರಬೇಕೆಂಬ ಹಟ ನಮ್ಮಪ್ಪನದು. ನಾನು ಹಾಗಲ್ಲ. ಅಪ್ಪ ಒಮ್ಮೆ ಮೀಸೆಯ ಬಲಗಡೆ ತುಸು ಹೆಚ್ಚಾಯಿತೆಂದು ಕತ್ತರಿಸಿದ. ಆಗ ಎಡಗಡೆ ಹೆಚ್ಚಾಗಿ ಕಂಡಿತು. ಅದನ್ನು ಕತ್ತರಿಸಿದ. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಸರಿಸಮವಾಯಿತು, ಅಂದರೆ ಮೀಸೆಯೇ ಇರಲಿಲ್ಲ. ಅವನು ತಿಂಗಳೊಪ್ಪತ್ತು ಬಾಯಿಗೆ ಧೋತರದ ಚುಂಗು ಹಿಡಿದು ಊರಲ್ಲಿ ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಒಂದು ರವಿವಾರ ಮುಂಜಾನೆ ತಪಾಸಣೆಗೆ ಹೊರಟೆ. ನಮ್ಮ ಗಡಿಗೆಯ ಮೊಸರು ಎಂದೂ ಇಲ್ಲದಷ್ಟು ದಪ್ಪಗೆ, ಮಿರಿಮಿರಿ ಮಿಂಚುತ್ತಿತ್ತು. ಕಾಕುವಿನ ಗಡಿಗೆಯದು ಎಂದಿನಂತೆ ಇತ್ತು. ಎಂದಿನಂತೆ ಇದ್ದದ್ದೇ ನನಗೆ ಕೊರತೆಯಾಗಿ ಕಂಡಿತು.

"ಕಾಕು, ನಿಮ್ಮ ಮಸರು ಹಿಂದ ಬಿದ್ದೈತಿ. ನಮ್ಮ ಹೆಪ್ಪು ಹಾಕಿ ಎರಡೂ ಸಮ ಮಾಡೋಣು."

"ಇದಕ್ಕೇನಾಗೈತೋ ಮಾಸ್ತರ? ಚಲೋನ ಐತಲ್ಲ!"

"ಚಲೋ ಐತ್ರಿ. ಸಮ ಇಲ್ಲ."

ಶಾರದಾ ಒಳಗಿನಿಂದ, "ಒಂದ್ ದಿನ ತಡೀರಿ, ನಮ್ಮದು ಯಾಕ ಹಿಂಗ ಮಿಂಚಾಕತ್ತೈತಿ ನೋಡೂಣು," ಎಂದಳು. ನಾನು ತಡೆಯಲಿಲ್ಲ. ಕಾಕುವಿನ ಹಳೆಯ ಮೊಸರನ್ನೆಲ್ಲ ಮಜ್ಜಿಗೆ ಮಾಡಿಸಿ ಕುಡಿದು ಮುಗಿಸಿ, ಗಡಿಗೆ ತೊಳೆಸಿ, ಹೊಸ ಹಾಲಿಗೆ ನಮ್ಮ ಹೆಪ್ಪನ್ನು ಸ್ವತಃ ನನ್ನ ಕೈಯಿಂದ ಹಾಕಿ, ಧನ್ಯನಾಗಿ ಮನೆಗೆ ಬಂದು ಮಲಗಿದೆ.

ಸಂಜೆ ಶಾರದಾ ಚಮಚ ಎತ್ತಿದಳು. ಚಮಚದ ಹಿಂದೆ ಮೊಸರು ಎಳೆ ಎಳೆಯಾಗಿ ಎದ್ದು ಬಂತು. ಇನ್ನೂ ಮೇಲೆತ್ತಿದಳು, ಇನ್ನೂ ಬಂತು. ದಪ್ಪ, ಮಿಂಚು ಎಂದು ನಾನು ಮೆಚ್ಚಿದ್ದು ಲೋಳೆ. ಕಾಕುವಿನ ಮನೆಗೆ ಓಡಿದೆವು. ಅಲ್ಲಿಯೂ ಅದೇ ಎಳೆ, ಅದೇ ಉದ್ದ. ಎರಡೂ ಗಡಿಗೆ ಅಷ್ಟು ಸರಿಸಮವಾಗಿ ಹಿಂದೆಂದೂ ಇರಲಿಲ್ಲ.

ಅದೇ ಹೊತ್ತಿಗೆ ತಾಂಬಾದವರೇ ಆದ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು, ರಜೆಗೆಂದು ಊರಿಗೆ ಹೋಗಿದ್ದವರು, ಬಾಗಿಲಲ್ಲಿ ಸೈಕಲ್ ನಿಲ್ಲಿಸಿದರು. "ನಿಮ್ಮವ್ವ ನಾಳೆ ಮುಂಜಾನಿ ಮೊದಲನೇ ಬಸ್ಸಿಗಿ ಬರ್ತಾರಂತ್ರಿ. ಹೆಪ್ಪಿಂದು ಏನೋ ಕೆಲಸ ಐತಂತ."

ಶಾರದಾ ಗೋಡೆಗೆ ಒರಗಿ ಕೂತುಬಿಟ್ಟಳು. ಅವಳು ಬೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅತ್ತಿ ಬಂದ ಕೂಡ್ಲೆ ಮಸರು ಕೇಳ್ತಾರ. ಮೂರು ತಲಿಯಿಂದ ಬಂದಿದ್ದು ನನ್ನ ಕೈಯಾಗ ತುಂಡಾತು ಅಂತಾರ್ರಿ. ನಿಮ್ಮ ಕೈಯಾಗ ಅನ್ನಂಗಿಲ್ಲ." ಅದು ನಿಜ.

ಆಗ ಗಂಗಾಕಾಕು ಸೆರಗು ಬಾಯಿಗೆ ಹಿಡಿದು ಸಣ್ಣಗೆ ಕೆಮ್ಮಿದಳು. "ಸಿಟ್ಟಾಗಬ್ಯಾಡ ಮಾಸ್ತರ. ದರ್ಜಿ ಬಸಪ್ಪನ ಹೆಂಡ್ತಿ ಬಾಣಂತಿ ಇದ್ದಾಗ ಬಂದು ಕೇಳಿದ್ಳು. ಹೆಪ್ಪು ಕೇಳಿದವರಿಗಿ ಇಲ್ಲಂತ ಹೆಂಗ ಅನ್ನೂದು? ಕೊಟ್ಟೇನಿ."

ಕೊಟ್ಟ ಮಾತು ತಪ್ಪಿದವಳ ಕಾಲು ಹಿಡಿಯಬೇಕೆನ್ನಿಸಿತು. ದರ್ಜಿಯ ಮನೆ ಓಣಿಯ ತುದಿಯಲ್ಲೇ ಇತ್ತು. ಆದರೆ ನಾವು ಅಲ್ಲಿ ಮುಟ್ಟುವಷ್ಟರಲ್ಲಿ ಬೀದಿಯ ಕಂಬದ ದೀಪ ಹತ್ತಿತು. ದರ್ಜಿಯ ಹೆಂಡತಿ ನೀಲವ್ವ ಹೊಸ್ತಿಲಲ್ಲಿ ನಿಂತು ತಲೆಯಾಡಿಸಿದಳು. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಕೊಡುವಂತಿಲ್ಲ, ಕೊಟ್ಟರೆ ಲಕ್ಷ್ಮಿ ಅದರ ಬೆನ್ನು ಹತ್ತಿ ಹೋಗುತ್ತಾಳೆ. ಮುಂಜಾನೆ ಕೇಳೋಣವೆಂದರೆ ಅವರ ಮನೆಯ ಹಿಡಿ ಮೊಸರನ್ನು ಮಕ್ಕಳು ಏಳುತ್ತಲೇ ಬಳಿದು ಮುಗಿಸುತ್ತಿದ್ದರು. ಒಂದು ಚಮಚ ಸಿಕ್ಕರೂ ಅದು ಹಾಲನ್ನು ಮೊಸರು ಮಾಡುವಷ್ಟರಲ್ಲಿ ಅವ್ವ ಉಂಡು ಕೈ ತೊಳೆದಿರುತ್ತಾಳೆ.

"ನಿಮ್ಮ ಮನಿ ದೀಪ ಇನ್ನೂ ಹಚ್ಚಿಲ್ಲಲ್ಲವ್ವ, ಅದು ಬೀದಿ ದೀಪ," ಎಂದು ವಾದ ಹೂಡಿದೆ.

"ಊರಿಗೇ ಹತ್ತೈತಿ, ನಮಗ ಹತ್ತಿಲ್ಲೇನ್ರಿ?"

ಅಷ್ಟರಲ್ಲಿ ದೇವರೇ ಕಣ್ಣು ಬಿಟ್ಟಂತೆ ಕರೆಂಟು ಹೋಯಿತು. "ಈಗ ಕೊಡು! ದೀಪ ಇಲ್ಲ!" ಎಂದು ಕೂಗಿದೆ.

"ಕರೆಂಟ್ ಹೋದ್ರ ಲಕ್ಷ್ಮಿ ಬ್ಯಾಟರಿ ಹಚ್ಕೊಂಡ್ ಹೋಗ್ತಾಳ," ಎಂದಳು ಕಾಕು. ಓಣಿಯ ಹೆಂಗಸರೆಲ್ಲ ನಕ್ಕರು. ಕತ್ತಲಲ್ಲಿ ನನ್ನ ಮುಖ ಕಾಣಲಿಲ್ಲವೆಂಬುದೊಂದೇ ಸಮಾಧಾನ.

ಶಾರದಾ ಮಾತ್ರ ನಗಲಿಲ್ಲ. ಯೋಚಿಸುತ್ತಿದ್ದಳು. "ನೀಲವ್ವಕ್ಕ, ಹೆಪ್ಪು ಹೊರಗ ಬರಬಾರದು. ಹೌದಿಲ್ಲೊ? ಹಾಲು ಒಳಗ ಬಂದ್ರ?"

ನೀಲವ್ವ ಕಾಕುವಿನ ಮುಖ ನೋಡಿದಳು. ಕಾಕು ಕ್ಷಣ ಹೊತ್ತು ಶಾಸ್ತ್ರವನ್ನೆಲ್ಲ ತಿರುವಿ ಹಾಕಿ, "ಸಂಜೀಲೆ ಹಾಲು ಮನಿಗಿ ಬಂದ್ರ ಲಕ್ಷ್ಮೀನ ಬಂದಂಗ!" ಎಂದು ತೀರ್ಪು ಕೊಟ್ಟಳು.

ಮುಂದೆ ಓಣಿಗೆ ಹಬ್ಬವೇ ಆಯಿತು. ಕಾಕು ಅದೇ ಆಗ ಹಿಂಡಿದ ಹಾಲು ಕಾಯಿಸಿದಳು. ಶಾರದಾ ಲೋಳೆಯ ಗಡಿಗೆಗಳನ್ನು ಹೊರಗೆ ಹಾಕಿ ಹಿತ್ತಾಳೆಯ ಬೋಗುಣಿಯನ್ನು ಕುದಿನೀರಲ್ಲಿ ತೊಳೆದಳು. ಉಗುರುಬೆಚ್ಚಗಿನ ಹಾಲಿನ ಬೋಗುಣಿ ಹೊತ್ತು ನಾನು ಓಣಿಯುದ್ದ ನಡೆದೆ. ಮುಂದೆ ಕಂದೀಲು ಹಿಡಿದ ಕಾಕು, ಹಿಂದೆ ಶಾರದಾ, ಕಟ್ಟೆಯ ಮೇಲೆ ನನ್ನದೇ ವಿದ್ಯಾರ್ಥಿಗಳು. "ಸರ್, ಎತ್ತ ಹೊಂಟೀರಿ?" ಎಂದರು. "ಹೆಪ್ಪು ಹಾಕಾಕ," ಎಂದೆ. ಮರುದಿನ ಇಡೀ ಹೈಸ್ಕೂಲಿಗೆ ಈ ಸುದ್ದಿ ಗೊತ್ತಿತ್ತು. ನೀಲವ್ವನ ಹೊಸ್ತಿಲಲ್ಲಿ ಬೋಗುಣಿಯನ್ನು ನನ್ನ ಕೈಯಿಂದ ಇಸಿದುಕೊಂಡರು. ನನ್ನನ್ನು ಒಳಗೆ ಬಿಡಲಿಲ್ಲ.

ಮುಂಜಾನೆ ಬೋಗುಣಿ ಮರಳಿ ಬಂತು. ಅದರ ಬೆನ್ನಿಗೇ ಅವ್ವ ಬಂದಳು. ಕೈಕಾಲು ತೊಳೆದಳು, ತಾಟಿನ ಮುಂದೆ ಕೂತಳು, ರೊಟ್ಟಿ ಮುರಿದಳು. ಶಾರದಾ ಮೊಸರು ನೀಡಿ ತಾಟಿನ ಹತ್ತಿರವೇ ಕೂತಳು. ಅವ್ವ ಒಂದು ತುತ್ತು ಬಾಯಿಗಿಟ್ಟಳು. ಮಾತು ನಿಲ್ಲಿಸಿದಳು. ಕಣ್ಣಲ್ಲಿ ನೀರು ಬಂತು.

"ನಮ್ಮವ್ವನ ಕೈದು ಇದ್ದಂಗ ಐತಿ," ಎಂದು ಶಾರದೆಯ ಗದ್ದ ಹಿಡಿದಳು. ಶಾರದಾ ಅತ್ತಳು, ನಕ್ಕಳು. ನನಗಂತೂ ಎದ್ದು ಕುಣಿಯಬೇಕೆನ್ನಿಸಿತು. ಅವ್ವ ಆಮೇಲೆ ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು ಮೆಲ್ಲಗೆ ಮುಂದಿಟ್ಟಳು.

"ಇದರಾಗ ಒಂದೀಟು ಹಾಕವ್ವ. ತಾಂಬಾದಾಗ ನಮ್ಮದು ಕೆಟ್ಟು ಹೋಗೇತಿ. ಓಣ್ಯಾಗಿಂದು ತಂದು ಹಾಕೀನಿ, ಬಾಯಿಗಿ ಹತ್ತವಲ್ದು."

"ಅದು ಹೆಂಗ ಕೆಡ್ತಬೇ?" ಎಂದೆ.

"ನಿಮ್ಮಪ್ಪ. ನಮ್ಮನ್ಯಾಗ ಎರಡು ಗಡಿಗಿ ಅದಾವಲ್ಲ. ಒಂದರಾಗಿಂದು ಬಾಳ ಮಿಂಚಾಕತ್ತಿತ್ತು. ಎರಡೂ ಸಮ ಇರ್ಲಿ ಅಂತ ಅದನ್ನ ತಗದು ಇನ್ನೊಂದರಾಗ ಹಾಕ್ಯಾನ."

ಶಾರದಾ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಗೋಡೆಯ ಆಚೆಯಿಂದ ಗಂಗಾಕಾಕುವಿನ ನಗೆ ಓಣಿಗೆಲ್ಲ ಕೇಳಿಸಿತು. ಅವ್ವ ನನ್ನನ್ನೂ ಒಳಗಿನ ಬಾಗಿಲನ್ನೂ ಒಂದೆರಡು ಸಲ ನೋಡಿ, ಕೇಳುವುದೇನೂ ಉಳಿಯಲಿಲ್ಲವೆಂಬಂತೆ ತಾನೂ ನಗತೊಡಗಿದಳು. ಸಂಜೆಯ ಬಸ್ಸಿಗೆ ಹತ್ತಿಸುವಾಗ ಡಬ್ಬಿ ಹಿಡಿಯಲು ಕೈಚಾಚಿದೆ. ಅವ್ವ ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮನೆಗೆ ಬಂದು ಮುಖ ತೊಳೆದು ಕನ್ನಡಿಯ ಮುಂದೆ ನಿಂತೆ. ಅಪ್ಪನ ಗುಣ ನನಗೆ ಬಂದಿಲ್ಲ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಂಡೆ. ಮೀಸೆಯ ಬಲಗಡೆ ಒಂದು ಎಳೆ ಹೆಚ್ಚಾದಂತೆ ಕಂಡಿತು. ಕತ್ತರಿ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು.